ಕೊಯ್ಯುವವರು ಯಾರು?

ಬ್ರೆಡ್ಡನ್ನು ಅಂಗಡಿಯಿಂದ ತರುವುದನ್ನು ಬಿಟ್ಟು ಮನೆಯಲ್ಲಿಯೇ ಸುಡುವ ಉತ್ಸಾಹವು ಈಚೆಗೆ ಪುತ್ತೂರಿನಂತಹ ಪೇಟೆಗಳಿಗೂ ಬಂದಿದೆ. ಹಿಟ್ಟನ್ನು ನಾದುವುದು, ಅದು ಉಬ್ಬಿತೇ ಎಂದು ಗಳಿಗೆಗೊಮ್ಮೆ ಬಟ್ಟೆ ಸರಿಸಿ ಇಣಿಕುವುದು, ಓವನ್ನಿನಿಂದ ಹೊರತೆಗೆದಾಗ ಮನೆಯೆಲ್ಲ ಹರಡುವ ಪರಿಮಳ, ಇವನ್ನು ವರ್ಣಿಸುವವರು ಬೇಕಾದಷ್ಟು ಮಂದಿ. ಆದರೆ ಸಂಜೆ ಸುಟ್ಟ ಬ್ರೆಡ್ಡಿಗೆ ಮರುದಿನ ಬೆಳಗಿನ ಏಳೂವರೆ ಗಂಟೆಯೆಂಬುದೊಂದು ಇದೆಯಷ್ಟೆ! ಮಕ್ಕಳಿಗೆ ಬಸ್ಸು, ಯಜಮಾನರಿಗೆ ಕಚೇರಿ, ಅಜ್ಜನಿಗೆ ಮಾತ್ರೆ ನುಂಗುವ ಮುಂಚಿನ ತಿಂಡಿ. ಎಲ್ಲರೂ ಒಮ್ಮೆಗೇ ಕಾದು ನಿಂತಿರುವಾಗ ಅದನ್ನು ಹೋಳು ಮಾಡುವವರು ಯಾರು? ಮಿಕ್ಕುದನ್ನು ಇಡುವುದೆಲ್ಲಿ? ಈ ಭಾಗವನ್ನು ಯಾರೂ ವರ್ಣಿಸುವುದಿಲ್ಲ.

ಪುತ್ತೂರು, ಸುಳ್ಯ, ಕಡಬಗಳ ಕಡೆಯ ದೊಡ್ಡ ಸಂಸಾರಗಳಿಗೆ ಈ ಪ್ರಶ್ನೆ ಹೊಸದಲ್ಲ. ಬ್ರೆಡ್ಡು ಮಾತ್ರ ಹೊಸದು. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಮಳೆಯದೇ ರಾಜ್ಯಭಾರ. ಡಬ್ಬಿಯೊಳಗಿನ ಉಪ್ಪು ನೀರಾಗುತ್ತದೆ, ಮೂಲೆಯಲ್ಲಿಟ್ಟ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ. ಇಂತಹ ಹವೆಯಲ್ಲಿ ಮಾಡಿದ ರೊಟ್ಟಿಯನ್ನು ನಾಲ್ಕು ದಿನ ಇಡುವೆನೆನ್ನುವುದು ಬೂಷ್ಟಿಗೆ ಔತಣವಿತ್ತಂತೆ. ಆದುದರಿಂದ ಅಲ್ಲಿನ ಹಿರಿಯರು ರೊಟ್ಟಿಯನ್ನು ಕಾಪಿಡಲಿಲ್ಲ. ಮುಂದೆ ರೊಟ್ಟಿಯಾಗಬೇಕಾದುದನ್ನು ಕೊಯ್ದು ಕಾಪಿಟ್ಟರು. ಅದೇ ಹಲಸಿನ ಉಪ್ಪುಸೊಳೆ. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್.

ಎಪ್ರಿಲ್ ಮೇ ತಿಂಗಳುಗಳಲ್ಲಿ, ಬಲಿತರೂ ಇನ್ನೂ ಹಣ್ಣಾಗದ ಕಾಯಿಯನ್ನು ಮರದಿಂದ ಇಳಿಸುತ್ತಾರೆ. ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಳ್ಳದೆ ಕೊಯ್ಯಹೊರಟವರ ಪಾಡು ಹೇಳತೀರದು. ಹಲಸಿನ ಮೇಣ ನೀರಿಗೆ ಜಗ್ಗುವ ಜಾತಿಯದಲ್ಲ. ಕಾಯಿಯನ್ನು ಇಬ್ಭಾಗ ಮಾಡಿ, ಕಡಿಗಳಾಗಿ ಸೀಳಿ, ನಡುವಿನ ಗೂಂಜನ್ನು ಕೆತ್ತಿ ತೆಗೆದರೆ ಅಲ್ಲಿಗೆ ಗಂಡಸಿನ ಕೆಲಸ ಮುಗಿಯಿತು. ಆತನು ಕೈಯ ಮೇಣವನ್ನು ತಿಕ್ಕಿ ತೆಗೆದು, ಜಗಲಿಯಲ್ಲಿ ಕುಳಿತು, “ಇವತ್ತು ಎಂಟು ಹಲಸು ಕೊಯ್ದೆ ಮಾರಾಯರೆ” ಎಂದು ಬಂದವರೊಡನೆ ಹೇಳಿಕೊಳ್ಳಬಹುದು. ಒಳಗೆ ಅತ್ತೆ, ಸೊಸೆಯಂದಿರು, ಅಜ್ಜಿ, ರಜೆಗೆ ಬಂದ ಮಕ್ಕಳು ಕಡಿಗಳ ಸುತ್ತ ಕುಳಿತಿರುತ್ತಾರೆ. ಒಂದೊಂದೇ ಸೊಳೆಯನ್ನು ಬಿಡಿಸಬೇಕು, ಅಂಟಿದ ನಾರನ್ನು ಕೀಳಬೇಕು, ಬೇಳೆಯನ್ನು ತೆಗೆಯಬೇಕು. ಬೇಳೆ ಒಂದು ಬುಟ್ಟಿಗೆ, ರೆಚ್ಚೆ ಹಟ್ಟಿಗೆ. ಈ ಕೆಲಸ ದೀಪ ಹಚ್ಚುವ ಹೊತ್ತಾದರೂ ಮುಗಿಯದು. ಎಂಟು ಹಲಸು ಕೊಯ್ದವರು ಯಾರೆಂದು ಈಗ ಓದುಗರೇ ಹೇಳಬೇಕು.

ಬಿಡಿಸಿದ ಸೊಳೆಯನ್ನು ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಹರಳುಪ್ಪು ಎಂಬಂತೆ ಒತ್ತಿ ತುಂಬಿ, ಮೇಲೆ ಭಾರ ಹೇರಿ, ಬಾಯಿಗೆ ಬಟ್ಟೆ ಕಟ್ಟುತ್ತಾರೆ. ನೀರು ಹೊಯ್ಯುವ ಅಗತ್ಯವಿಲ್ಲ. ಉಪ್ಪು ಸೊಳೆಯೊಳಗಿನ ನೀರನ್ನೇ ಎಳೆದು ಭರಣಿಯಲ್ಲಿ ನಿಲ್ಲಿಸುತ್ತದೆ. ಆ ಉಪ್ಪುನೀರಿನಲ್ಲಿ ಮುಳುಗಿರುವವರೆಗೆ ಸೊಳೆಗೆ ಭಯವಿಲ್ಲ. ಮೇಲೆ ತಲೆಯೆತ್ತಿದ ಸೊಳೆಯೇ ಮೊದಲು ಕೆಡುವುದು. ಒದ್ದೆ ಸೌಟನ್ನು ಅದರೊಳಗೆ ಅದ್ದಿದವರಿಗೆ ಅಜ್ಜಿಯ ಬಾಯಿಂದ ಸಹಸ್ರನಾಮಾರ್ಚನೆ ತಪ್ಪದು.

ತೋಡು ಹೊಳೆಗಳು ಉಕ್ಕಿ, ಅಂಗಳದ ಆಚೆಗೆ ಕಾಲಿಡಲಾಗದ ಆಟಿ ತಿಂಗಳಿನಲ್ಲಿ ಭರಣಿಯ ಬಾಯಿ ಬಿಚ್ಚುತ್ತದೆ. ಸೊಳೆಯನ್ನು ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ ಉಪ್ಪನ್ನು ಬಿಡಿಸಿ, ಹಿಂಡಿ, ನೆನೆದ ಅಕ್ಕಿಯೊಡನೆ ಗಟ್ಟಿಯಾಗಿ ಅರೆದು, ಬಾಳೆಲೆಯ ಮೇಲೆ ತಟ್ಟಿ, ಕಾದ ಕಾವಲಿಗೆ ಎಲೆಸಹಿತ ಕವುಚಿ ಹಾಕುವುದು. ಎಲೆ ಬಾಡಿದೊಡನೆ ಸುಲಿದು ತೆಗೆಯುವುದು. ಇದೇ ಉಪ್ಪುಸೊಳೆಯ ರೊಟ್ಟಿ. ಅದೇ ಹಿಟ್ಟನ್ನು ಪುಟ್ಟ ಪುಟ್ಟ ಗುಂಡುಗಳಾಗಿಸಿ ಎಣ್ಣೆಯಲ್ಲಿ ಕರಿದರೆ ಉಂಡ್ಲಕಾಳು. ಆ ಬೆಳಗಿನ ಮಟ್ಟಿಗೆ ಒಬ್ಬರ ಎರಡು ಕೈಗಳು ಸಾಕು. ಉಳಿದ ಕೈಗಳ ಕೆಲಸ ಮೇ ತಿಂಗಳಲ್ಲೇ ಮುಗಿದು ಭರಣಿಯಲ್ಲಿ ಕುಳಿತಿದೆ.

ಈಗ ಕಡಿಗಳ ಸುತ್ತ ಕುಳಿತುಕೊಳ್ಳಲು ಅಷ್ಟು ಜನ ಎಲ್ಲಿದ್ದಾರೆ? ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಹಲಸಿನ ಪರವಾಗಿ ವರ್ಷಗಟ್ಟಲೆ ಬರೆದಿದೆ; ನೆರೆಯ ಕೇರಳವು 2018ರಲ್ಲಿ ಹಲಸನ್ನು ತನ್ನ ರಾಜ್ಯಫಲವೆಂದು ಸಾರಿತು. ಗೌರವವೇನೋ ಬಂದಿತು. ಸೊಳೆ ಬಿಡಿಸುವ ಕೈಗಳು ಬರಲಿಲ್ಲ.

ಇಲ್ಲಿ ಭಾಷೆಯ ಮೇಷ್ಟರ ಚಪಲಕ್ಕೆ ಒಂದು ಮಾತು. ಹಳಗನ್ನಡದ ಪಲಸು ನಮ್ಮಲ್ಲಿ ಹಲಸಾಯಿತು. ಮಲೆಯಾಳದ ಚಕ್ಕ ಪೋರ್ತುಗೀಸರ ಬಾಯಲ್ಲಿ ಜಾಕ ಆಗಿ, ಇಂಗ್ಲಿಷರಲ್ಲಿ ಜಾಕ್ ಆಯಿತು. ಅದೇ ಪೋರ್ತುಗೀಸರು ತಮ್ಮ ರೊಟ್ಟಿಯ ಹೆಸರನ್ನು ನಮ್ಮ ಕರಾವಳಿಯಲ್ಲಿ ಪಾವ್ ಎಂದು ಬಿಟ್ಟುಹೋದರು. ಹಲಸಿನ ಹೆಸರನ್ನು ಒಯ್ದು ರೊಟ್ಟಿಯ ಹೆಸರನ್ನು ಕೊಟ್ಟ ವ್ಯಾಪಾರ!

ಕೊಯ್ಯುವ ಕೆಲಸವನ್ನು ಮುಂಚಿತವಾಗಿ ಮುಗಿಸಿಡುವ ಆಸೆ ರೊಟ್ಟಿಯ ನಾಡಿನವರಿಗೂ ಇತ್ತು. ಅಮೆರಿಕದ ಅಯೋವಾ ಪ್ರಾಂತದ ಆಟೋ ರೋವೆಡರ್ ಎಂಬಾತನ ಯಂತ್ರದಿಂದ ಹೋಳಾದ ಬ್ರೆಡ್ಡು 1928ರ ಜುಲೈ 7ರಂದು ಮಿಸೌರಿಯ ಚಿಲಿಕಾಥೆಯಲ್ಲಿ ಮೊದಲು ಮಾರಾಟಕ್ಕೆ ಬಂದಿತು. ಹೋಳು ಮಾಡಿದ ಬ್ರೆಡ್ಡು ಬೇಗ ಒಣಗುವುದರಿಂದ ಅದಕ್ಕೆ ದಪ್ಪನೆಯ ಮೇಣದ ಕಾಗದ ಬೇಕು. ಯುದ್ಧಕಾಲದ ಮಿತವ್ಯಯವೆಂದು ಅಲ್ಲಿನ ಸರಕಾರ 1943ರ ಜನವರಿ 18ರಂದು ಹೋಳು ಬ್ರೆಡ್ಡಿನ ಮಾರಾಟವನ್ನೇ ನಿಷೇಧಿಸಿತು. ಗಂಡನಿಗೂ ನಾಲ್ವರು ಮಕ್ಕಳಿಗೂ ಬೆಳಗಿನ ಗಡಿಬಿಡಿಯಲ್ಲಿ 20ಕ್ಕೂ ಹೆಚ್ಚು ಹೋಳುಗಳನ್ನು ಕೈಯಾರೆ ಕೊಯ್ಯಬೇಕಾಗಿ ಬಂದ ಗೃಹಿಣಿಯೊಬ್ಬಳು ಪತ್ರಿಕೆಗೆ ಕಾಗದ ಬರೆದಳು. ಮಾರ್ಚ್ 8ಕ್ಕೆ ಸರಕಾರ ನಿಷೇಧವನ್ನು ಹಿಂತೆಗೆಯಿತು. ಜಗಲಿಯಲ್ಲಿ ಕುಳಿತವರಿಗೆ ಒಳಗಿನ ಕೆಲಸದ ಲೆಕ್ಕ ಸಿಗದಿರುವುದು ನಮ್ಮ ಊರಿನಲ್ಲಿ ಮಾತ್ರವಲ್ಲವೆಂಬುದು ಒಂದು ಸಮಾಧಾನ.

ಇನ್ನು ನಮ್ಮ ಓವನ್ನಿನ ಉತ್ಸಾಹಿಗಳಿಗೆ. ಬ್ರೆಡ್ಡು ಬಿಸಿಯಾಗಿರುವಾಗ ಚೂರಿ ಹಾಕಬಾರದು. ಒಳಗಿನ ಹಬೆ ಇನ್ನೂ ಅಡಗಿರುವುದಿಲ್ಲ, ಹೋಳು ಅಂಟಂಟಾಗಿ ಮುದ್ದೆಯಾಗುತ್ತದೆ. ಪೂರ್ತಿ ಆರಿದ ಮೇಲೆ ಹಲ್ಲಿರುವ ಚೂರಿಯಿಂದ, ಒತ್ತದೆ, ಗರಗಸದಂತೆ ಎಳೆಯಬೇಕು. ಎರಡೇ ದಿನದಲ್ಲಿ ಮುಗಿಯುವುದಾದರೆ ಇಡಿಯಾಗಿಯೇ ಇಟ್ಟು, ಕೊಯ್ದ ಮುಖವನ್ನು ಮಣೆಗೆ ಕವುಚಿದರೆ ಸಾಕು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡುವುದು ಬಹಳ ಮನೆಗಳ ರೂಢಿ. ಬೂಷ್ಟೇನೋ ತಡವಾಗುತ್ತದೆ, ಆದರೆ ಆ ತಂಪಿನಲ್ಲಿ ಬ್ರೆಡ್ಡಿನ ಪಿಷ್ಟ ಬೇಗನೆ ಗಟ್ಟಿಯಾಗಿ, ಹೊರಗಿಟ್ಟುದಕ್ಕಿಂತ ಮೊದಲೇ ಅದು ಹಳತಾಗುತ್ತದೆ. ಮಳೆಗಾಲಕ್ಕೆ ಮೇಲಿನ ಹಿಮದ ಅರೆಯೇ ಭರಣಿ. ಅಲ್ಲಿಡುವ ಮೊದಲೇ ಹೋಳು ಮಾಡಿ, ಒಂದೊಂದು ಬೆಳಗಿಗೆ ಎಷ್ಟು ಬೇಕೋ ಅಷ್ಟರ ಪೊಟ್ಟಣ ಕಟ್ಟಿ, ಗಾಳಿಯಾಡದಂತೆ ಮುಚ್ಚಬೇಕು. ಬೆಳಗ್ಗೆ ಹಿಮ ಕರಗುವವರೆಗೆ ಕಾಯಬೇಕೆಂದಿಲ್ಲ. ನೇರವಾಗಿ ಕಾವಲಿಗೆ ಹಾಕಿ ಎರಡು ಮಗ್ಗುಲೂ ಕಾಯಿಸಬಹುದು. ಹಿಮದ ಅರೆ ಚಿಕ್ಕದಿದ್ದವರು ಚಿಕ್ಕ ಬ್ರೆಡ್ಡನ್ನೇ ಸುಡಲಿ.

ಹೋಳು ಮಾಡುವ ಹೊತ್ತು ರಾತ್ರಿ ಊಟವಾದ ಮೇಲಿನದು. ಹಿಟ್ಟು ನಾದಿದವರಿಗೆ ಆಗ ಬಿಡುವು ಕೊಡತಕ್ಕದ್ದು. ಆ ಹೊತ್ತಿನಲ್ಲಿ ಜಗಲಿಯಲ್ಲೋ, ಈಗಿನ ಮನೆಗಳ ಸೋಫಾದ ಮೇಲೋ ಕುಳಿತಿರುವ ಮಹನೀಯರು ಎದ್ದು ಬಂದರೆ ಹತ್ತು ನಿಮಿಷದ ಕೆಲಸ. ಚೂರಿಗೆ ಎಣ್ಣೆ ಸವರಿಕೊಳ್ಳುವ ತೊಂದರೆಯೂ ಇದರಲ್ಲಿ ಇಲ್ಲ.