ವಸ್ತಾದನ ಮನಸ್ಸನ್ನು ಕೇಳುವವರಾರು?

2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಬೆಳಗಾವಿಯ ತುರಮುರಿ ಗ್ರಾಮದ ಮಲಪ್ರಭಾ ಜಾಧವ ಅವರು ಕುಸ್ತಿಯನ್ನು ಹೋಲುವ ಕುರಾಶ್ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗೆದ್ದಾಗ ನಾಡೆಲ್ಲ ಹರ್ಷಿಸಿತು. ಆದರೆ ಗೆಲುವಿನ ದಿನ ಹಾರತುರಾಯಿಗಳಿಂದ ದೂರವುಳಿದು, ಸೋಲಿನ ದಿನ ಮಾತ್ರ ದೂಷಣೆಯ ಪೂರ್ಣಭಾಗವನ್ನು ಹೊರಬೇಕಾಗುವ ತರಬೇತುದಾರರ ಚಿತ್ತಸ್ವಾಸ್ಥ್ಯವನ್ನು ಕುರಿತು ನಾವು ಎಂದಾದರೂ ವಿಚಾರಿಸಿದ್ದುಂಟೇ?

ಕೆಮ್ಮಣ್ಣಿನ ತಾಲೀಮಿನಲ್ಲಿ ನಸುಕಿಗೇ ಬಂದು ನಿಲ್ಲುವ ವಸ್ತಾದನಿಗೆ, ಅಂದರೆ ಕುಸ್ತಿಯ ಗುರುವಿಗೆ, ಶಿಷ್ಯನ ಗಾಯ, ಖುರಾಕು, ಮನೆಯ ದಾರಿದ್ರ್ಯ ಎಲ್ಲವೂ ಸ್ವಂತದ ಚಿಂತೆಗಳೇ. ದುಃಖವನ್ನು ತೋರಿದರೆ ಗುರುತ್ವಕ್ಕೆ ಕುಂದಾದೀತೆಂಬ ಅಂಜಿಕೆಯಿಂದ ಆತನು ಅದನ್ನು ನುಂಗಿಕೊಂಡು, ನಿದ್ರೆಗೆಟ್ಟು, ಕಡೆಗೆ ಆ ಶಿಷ್ಯರ ಮೇಲೆಯೇ ಸಿಡುಕುತ್ತಾನೆ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿದ ಸರಕಾರವು, ಸನ್ಮಾನವೊಂದೇ ಔಷಧವಾಗದೆಂಬುದನ್ನು ಅರಿಯಬೇಡವೇ? ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯ ತಜ್ಞರು ಬೆಳಗಾವಿ, ಖಾನಾಪುರಗಳ ಕ್ರೀಡಾಂಗಣಗಳಿಗೆ ನಿಯತವಾಗಿ ಬರುವಂತಾಗಲಿ. ಗುತ್ತಿಗೆಯ ತರಬೇತುದಾರರಿಗೆ ವರ್ಷಪೂರ್ತಿ ವೇತನವೂ ವಾರದ ವಿಶ್ರಾಂತಿಯೂ ದೊರೆಯಲಿ. ಅಲ್ಲಿಯವರೆಗೆ, ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದಾದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿಯೊಂದು ತಾಲೀಮಿನ ಗೋಡೆಯ ಮೇಲೆ, ಹನುಮಂತನ ಪಟದ ಪಕ್ಕದಲ್ಲಿಯೇ, ಬರೆಯಿಸುವುದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.