ಹಳೆಯದೆಂದು ಅಳೆಯುವ ಕೊಳಗ ಯಾರ ಕೈಯಲ್ಲಿದೆ?

ಹಳೆಯ ಲ್ಯಾಪ್‌ಟಾಪಿಗೆ ವೈ-ಫೈ ಹಿಡಿಯುತ್ತಿಲ್ಲವೆಂಬುದು ನೋಡಲು ಸಣ್ಣ ದೂರು. ಪಕ್ಷದ ಪತ್ರಿಕೆಯಲ್ಲಿ ಬರೆಯುವಷ್ಟು ದೊಡ್ಡ ವಿಷಯವೇ ಇದು ಎಂದು ಕೆಲವು ಸಂಗಾತಿಗಳು ಹುಬ್ಬೇರಿಸಬಹುದು. ಆದರೆ ಇಂದು ವಿದ್ಯಾರ್ಥಿವೇತನದ ಅರ್ಜಿ ಜಾಲದಲ್ಲಿ, ಪದವಿ ಪರೀಕ್ಷೆಯ ಅರ್ಜಿ ಜಾಲದಲ್ಲಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಜಾಲದಲ್ಲಿ, ಕಡೆಗೆ ಕೆಲಸ ಕೊಡಿರೆಂದು ಬೇಡುವ ಅರ್ಜಿಯೂ ಜಾಲದಲ್ಲಿ. ಹೀಗಿರಲಾಗಿ, ಜಾಲಕ್ಕೆ ಬಾಗಿಲಾಗಿರುವ ಯಂತ್ರ ಕೊನೆಯ ದಿನಾಂಕದ ಹಿಂದುಮುಂದಿನಲ್ಲಿ ಮುಚ್ಚಿಕೊಂಡಿತೆಂದರೆ, ಬಡವರ ಮನೆಯ ಹುಡುಗಿಯೊಬ್ಬಳ ಒಂದು ವರ್ಷವೇ ಮುಚ್ಚಿಕೊಂಡಂತೆ. ಆಕೆ ಯಂತ್ರವನ್ನು ಹೊತ್ತು ಪೇಟೆಯ ಅಂಗಡಿಗೆ ಹೋದರೆ ಸಿಗುವ ತೀರ್ಪು ಸಾಮಾನ್ಯವಾಗಿ ಒಂದೇ: "ಹಳೆಯದಾಯಿತಮ್ಮ, ಹೊಸದು ತಗೊಳ್ಳಿ."

೨೦೨೫-೨೬ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೆಲಸಕ್ಕೆ ನಿಗದಿಯಾದ ಕೂಲಿ ದಿನಕ್ಕೆ ೩೭೦ ರೂಪಾಯಿ. ನೂರು ದಿನದ ಕೆಲಸ ಪೂರಾ ಸಿಕ್ಕಿತೆಂದೂ, ಅದರಲ್ಲಿ ಒಂದು ಕಾಸೂ ಅಕ್ಕಿಬೇಳೆಗೆ ಖರ್ಚಾಗಲಿಲ್ಲವೆಂದೂ ಇಟ್ಟುಕೊಂಡರೆ ಕೈಗೆ ಬರುವುದು ೩೭ ಸಾವಿರ. ಸಾಧಾರಣ ದರ್ಜೆಯ ಹೊಸ ಲ್ಯಾಪ್‌ಟಾಪೊಂದು ಹೆಚ್ಚುಕಡಿಮೆ ಅದನ್ನೆಲ್ಲ ನುಂಗಿಹಾಕುತ್ತದೆ. "ಹೊಸದು ತಗೊಳ್ಳಿ" ಎಂಬ ಎರಡು ಶಬ್ದದ ಉಪದೇಶದ ಬೆಲೆ ಇಷ್ಟು. ಈ ಉಪದೇಶ ಬಹುಪಾಲು ಸಂದರ್ಭಗಳಲ್ಲಿ ಅನವಶ್ಯಕ, ಮತ್ತು ಅವಶ್ಯಕವಾದ ಕಡೆಗಳಲ್ಲಿಯೂ ಯಂತ್ರದ ತಪ್ಪಿನಿಂದ ಹಾಗಾದದ್ದಲ್ಲ ಎಂಬುದೇ ನಮ್ಮ ವಾದ.

೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ತಕರಾರು ಹುಟ್ಟಿದ್ದು ಕೊಳಗದಿಂದ. ಭತ್ತ ಬೆಳೆದವನು ಒಬ್ಬ, ಅದನ್ನು ಅಳೆಯುವ ಕೊಳಗ ಇನ್ನೊಬ್ಬನ ಮನೆಯದು. ಹೊಲದ ಒಡೆತನದ ಪ್ರಶ್ನೆ ಆ ಕೊಳಗದೊಳಗಿನಿಂದಲೇ ಎದ್ದು ಬಂತು. ಇಂದು ದುಡ್ಡು ಕೊಟ್ಟು ಕೊಂಡ ಯಂತ್ರ ನಮ್ಮದು. ಆದರೆ ಅದು ಹಳೆಯದೋ ಅಲ್ಲವೋ ಎಂದು ಅಳೆಯುವ ಕೊಳಗ ಕಂಪನಿಯದು. ವೈ-ಫೈ ತಕರಾರನ್ನು ಬಿಚ್ಚಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಯಂತ್ರದ ಒಳಕ್ಕೆ ಬರಬೇಕು.

ಮೊದಲು ಕೇಳಬೇಕಾದದ್ದು: ಅದೇ ವೈ-ಫೈ ಮನೆಯ ಫೋನಿಗೆ ಹಿಡಿಯುತ್ತದೆಯೇ? ಫೋನಿಗೂ ಇಲ್ಲವೆಂದರೆ ದೋಷ ರೌಟರಿನದು ಅಥವಾ ತಂತಿಯದು. ಬಡ ಲ್ಯಾಪ್‌ಟಾಪನ್ನು ಬೈಯುವುದರಲ್ಲಿ ಅರ್ಥವಿಲ್ಲ. ಫೋನಿಗೆ ಹಿಡಿದು ಲ್ಯಾಪ್‌ಟಾಪಿಗೆ ಮಾತ್ರ ಹಿಡಿಯದಿದ್ದರೆ ಅದರ ಅಂಚುಗಳನ್ನು ಬೆರಳಾಡಿಸಿ ನೋಡತಕ್ಕದ್ದು. ಹತ್ತು ಹದಿನೈದು ವರ್ಷದ ಹಿಂದಿನ ಅನೇಕ ಯಂತ್ರಗಳ ಮುಂಬದಿಯಲ್ಲೋ ಪಕ್ಕದಲ್ಲೋ ವೈ-ಫೈಗೆಂದೇ ಒಂದು ಜಾರುಗುಂಡಿ ಇರುತ್ತಿತ್ತು. ಚೀಲದಿಂದ ತೆಗೆಯುವಾಗ ಅದು ಆರಿಹೋದರೆ ಯಂತ್ರ ಕಿವುಡಾಗುತ್ತದೆ. ಉಳಿದವುಗಳಲ್ಲಿ ಕೀಲಿಮಣೆಯ ಮೇಲೆ ಕಂಬದ ಚಿತ್ರವಿರುವ ಒಂದು ಗುಂಡಿ. ಇದಕ್ಕೆ ರಿಪೇರಿಯೂ ಬೇಡ, ದುಡ್ಡೂ ಬೇಡ.

ಇನ್ನೊಂದು ದೋಷ ಬಹಳ ಜನರಿಗೆ ತಿಳಿಯದು. ಲ್ಯಾಪ್‌ಟಾಪಿನ ವೈ-ಫೈ ಕಾರ್ಡು ಕೆಳಗಿನ ಪೆಟ್ಟಿಗೆಯಲ್ಲಿದ್ದರೂ ಅದರ ಕಿವಿಗಳು ಸಾಮಾನ್ಯವಾಗಿ ಪರದೆಯ ಸುತ್ತ ಇರುತ್ತವೆ. ಅಲ್ಲಿಂದ ಕೂದಲೆಳೆಯಂಥ ಎರಡು ತಂತಿಗಳು, ಹೆಚ್ಚಾಗಿ ಒಂದು ಕಪ್ಪು ಒಂದು ಬಿಳಿ, ಕೀಲಿನ ಮೂಲಕ ಇಳಿದು ಬಂದು ಕಾರ್ಡಿನ ಮೇಲೆ ಅಂಗಿಯ ಒತ್ತುಗುಂಡಿಯಂತೆ ಕೂರುತ್ತವೆ. ಪರದೆ ಬದಲಾಯಿಸುವಾಗಲೋ ಧೂಳು ತೆಗೆಯುವಾಗಲೋ ಒಂದು ತಂತಿ ಕಳಚಿಕೊಂಡರೆ, ರೌಟರಿನ ಪಕ್ಕದಲ್ಲಿ ಕೂತಾಗ ಹಿಡಿಯುತ್ತದೆ, ಒಳಕೋಣೆಗೆ ಹೋದರೆ ಬಿಡುತ್ತದೆ. "ಕಾರ್ಡು ವೀಕಾಯಿತು" ಎಂದು ಅಂಗಡಿಯಲ್ಲಿ ಹೇಳುವುದು ಇದನ್ನೇ. ಕಾರ್ಡಿಗೆ ಏನೂ ಆಗಿರುವುದಿಲ್ಲ. ಬೆರಳಿನ ತುದಿಯಿಂದ ಒತ್ತಿದರೆ ತಂತಿ ಮತ್ತೆ ಕೂರುತ್ತದೆ.

ಈಗ ನಿಜವಾದ ತೊಡಕಿಗೆ ಬರೋಣ. ಯಂತ್ರದಲ್ಲಿ ಏನೂ ಕೆಡದೆ, ಹೊರಗಿನ ಲೋಕ ಬದಲಾದುದರಿಂದಲೇ ಅದು ಕೆಟ್ಟಂತೆ ಕಾಣುವ ಪ್ರಸಂಗಗಳಿವು. ಅಗ್ಗದ ಹಳೆಯ ಕಾರ್ಡುಗಳು ಬಹಳಷ್ಟು ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತ್ರ ಕೇಳಬಲ್ಲವು. ಹೊಸ ರೌಟರು ೫ರಲ್ಲಿಯೂ ಮಾತಾಡುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು, ೨.೪ನ್ನು ಆರಿಸಿಬಿಟ್ಟರೆ ಹಳೆಯ ಯಂತ್ರಕ್ಕೆ ಆ ಹೆಸರೇ ಕಾಣುವುದಿಲ್ಲ. ೨.೪ರ ಒಳಗೂ ೧೨ ಮತ್ತು ೧೩ನೆಯ ಚಾನೆಲ್ ಎಂಬವುಗಳಿವೆ. ನಮ್ಮ ದೇಶದಲ್ಲಿ ಅವುಗಳನ್ನು ಬಳಸಬಹುದು. ಆದರೆ ಅಮೆರಿಕದ ಮಾರುಕಟ್ಟೆಗೆಂದು ಹೊಂದಿಸಿದ ಕಾರ್ಡುಗಳು ೧೧ಕ್ಕೇ ನಿಲ್ಲುತ್ತವೆ. ರೌಟರು ತಾನಾಗಿ ೧೩ಕ್ಕೆ ಹಾರಿದ ದಿನ ಲ್ಯಾಪ್‌ಟಾಪು "ನಿನ್ನೆ ಇತ್ತು, ಇಂದು ಇಲ್ಲ" ಎನ್ನುತ್ತದೆ. ರೌಟರಿನ ಪುಟದಲ್ಲಿ ೧, ೬, ೧೧ ಈ ಮೂರರಲ್ಲಿ ಒಂದನ್ನು ಕಾಯಂ ಮಾಡಿ, ೨.೪ಕ್ಕೆ ಬೇರೆ ಹೆಸರು ಕೊಟ್ಟರೆ ಕೆಲಸ ಮುಗಿಯಿತು.

೨೦೧೯ರಿಂದ ಪೇಟೆಗೆ ಬಂದ ವೈ-ಫೈ ೬ ರೌಟರುಗಳದು ಇನ್ನೊಂದು ಕಥೆ. ಇಂಟೆಲ್ ಕಂಪನಿಯದೇ ಕೆಲವು ಹಳೆಯ ಕಾರ್ಡುಗಳು, ಹಳೆಯ ಚಾಲಕ ತಂತ್ರಾಂಶವಿದ್ದರೆ, ಈ ರೌಟರಿನ ಹೆಸರನ್ನೇ ಪಟ್ಟಿಯಲ್ಲಿ ತೋರಿಸುವುದಿಲ್ಲ. ಡ್ರೈವರ್ ಎಂದು ಕರೆಯುವ ಆ ತಂತ್ರಾಂಶವನ್ನು ಹೊಸದು ಮಾಡಿದರೆ ಅದೇ ಕಾರ್ಡಿಗೆ ಕಣ್ಣು ಬರುತ್ತದೆ. ಹಾಗೆಯೇ ೨೦೧೮ರಲ್ಲಿ ಬಂದ ಡಬ್ಲ್ಯುಪಿಎ೩ ಎಂಬ ಬೀಗವನ್ನು ಮಾತ್ರ ರೌಟರಿಗೆ ಹಾಕಿದ್ದರೆ, ಸಂಕೇತಪದ ಸರಿಯಿದ್ದರೂ ಹಳೆಯ ಯಂತ್ರ ಒಳಗೆ ಬರಲಾರದು. ಡಬ್ಲ್ಯುಪಿಎ೨ ಮತ್ತು ಎಇಎಸ್ ಎಂದು ಇಟ್ಟರೆ ಬರುತ್ತದೆ. ಅದಕ್ಕಿಂತ ಕೆಳಗಿಳಿಯಬೇಡಿ, ವೆಪ್ ಎಂಬ ಹಳೆಯ ಬೀಗವನ್ನು ೨೦೦೧ರಲ್ಲೇ ಒಡೆದು ತೋರಿಸಲಾಗಿದೆ.

ವಿಚಿತ್ರವಾದದ್ದು ಗಡಿಯಾರದ ದೋಷ. ವೈ-ಫೈ ಹಿಡಿದಿದೆ, ಗುರುತು ತುಂಬಿದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಮೂಲೆಯ ದಿನಾಂಕ ನೋಡಿದರೆ ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ. ಒಳಗಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಅನೇಕ ಯಂತ್ರಗಳಲ್ಲಿ ಅದು ಸಿಆರ್೨೦೩೨ ಎಂಬುದು, ಗಡಿಯಾರದ ಅಂಗಡಿಯಲ್ಲಿ ಅಲ್ಪ ಬೆಲೆಗೆ ಸಿಗುವಂಥದ್ದು. ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಉಂಟು. ಯಂತ್ರದ ದಿನಾಂಕ ಆ ಅವಧಿಯ ಹೊರಗಿದ್ದರೆ ಬ್ರೌಸರು ಬಾಗಿಲು ಹಾಕುತ್ತದೆ. ೨೦೨೧ರ ಸೆಪ್ಟೆಂಬರ್ ೩೦ರಂದು ಇದರ ತಿರುಗುಮುರುಗು ನಡೆಯಿತು. ಲೆಟ್ಸ್ ಎನ್‌ಕ್ರಿಪ್ಟ್ ವ್ಯವಸ್ಥೆ ಆಧರಿಸಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ವಾಯಿದೆ ಅಂದು ಮುಗಿದು, ನವೀಕರಣ ಕಾಣದ ಯಂತ್ರಗಳಲ್ಲಿ ಅನೇಕ ತಾಣಗಳು ತೆರೆಯದಾದವು. ಯಂತ್ರದ ಗಡಿಯಾರ ಸರಿಯಿತ್ತು, ಕಾರ್ಡೂ ಸರಿಯಿತ್ತು. ಆದರೂ "ನೆಟ್ ಬರುತ್ತಿಲ್ಲ" ಎಂದೇ ಜನ ತಿಳಿಯುವಂತಾಯಿತು.

ಇಷ್ಟರವರೆಗಿನದು ತಾಳ್ಮೆಯ ಮಾತು. ಅಂಗಡಿಯವನು ಇದನ್ನೆಲ್ಲ ಏಕೆ ನೋಡುವುದಿಲ್ಲ ಎಂದು ಕೇಳಬಹುದು. ಆತನೂ ಬಾಡಿಗೆ ಕಟ್ಟುವ ಶ್ರಮಜೀವಿ. ಅರ್ಧ ದಿನ ಕೂತು ಒಂದು ತಂತಿ ಕೂರಿಸಿದರೆ ನಾವು ನೂರು ರೂಪಾಯಿ ಕೊಡಲು ಹಿಂದೆಮುಂದೆ ನೋಡುತ್ತೇವೆ. ಹೊಸ ಯಂತ್ರ ಮಾರಿದರೆ ಆತನಿಗೆ ಗಂಟೆಯೊಳಗೆ ಕಮಿಷನ್ನು. ಆತನನ್ನು ಬೈದು ಪ್ರಯೋಜನವಿಲ್ಲ. ಕೊಳಗ ಇರುವುದು ಇನ್ನೂ ಮೇಲೆ.

ವೈ-ಫೈ ಕಾರ್ಡು ನಿಜವಾಗಿಯೂ ಸತ್ತಿತೆನ್ನಿ. ಆ ಕಾಲದ ಯಂತ್ರಗಳಲ್ಲಿ ಅದು ಒಂದೆರಡು ತಿರುಪಿನಿಂದ ನಿಂತ ಸಣ್ಣ ಚೂರು. ಬದಲಾಯಿಸುವುದು ದೀಪದ ಬುರುಡೆ ಬದಲಾಯಿಸಿದಷ್ಟೇ ಸುಲಭವಾಗಬೇಕಿತ್ತು. ಆದರೆ ಲೆನೊವೊ, ಎಚ್‌ಪಿ ಮೊದಲಾದ ಕಂಪನಿಗಳು ಅನೇಕ ಮಾದರಿಗಳ ಒಳಗೆ ಅನುಮತಿಯ ಪಟ್ಟಿಯೊಂದನ್ನು ಅಡಗಿಸಿಟ್ಟಿದ್ದವು. ಪಟ್ಟಿಯಲ್ಲಿಲ್ಲದ ಕಾರ್ಡು ಹಾಕಿದರೆ, ಅದು ಎಷ್ಟೇ ಒಳ್ಳೆಯದಿರಲಿ, ಯಂತ್ರ ಏಳುವ ಮೊದಲೇ "ಅನಧಿಕೃತ ಕಾರ್ಡು" ಎಂದು ಬರೆದು ನಿಂತುಬಿಡುತ್ತದೆ. ಯಾರ ಯಂತ್ರದಲ್ಲಿ ಯಾರಿಗೆ ಯಾವುದು ಅನಧಿಕೃತ? ಹೊಲ ನಿನ್ನದೇ, ಆದರೆ ನೇಗಿಲು ಮಾತ್ರ ನನ್ನ ಅಂಗಡಿಯದಿರಬೇಕು ಎಂದ ಹಾಗಾಯಿತು. ಇದಕ್ಕೆ ತಾಂತ್ರಿಕ ಕಾರಣಗಳನ್ನು ಕೊಡುವವರಿದ್ದಾರೆ. ಒಂದು ಎಚ್ಚರಿಕೆಯ ಮಾತು ತೋರಿಸಿ ಮುಂದೆ ಬಿಡಬಹುದಾದ ಕಡೆ ಬಾಗಿಲನ್ನೇ ಮುಚ್ಚುವುದಕ್ಕೆ ಅವು ಸಾಲವು. ಈ ಪಟ್ಟಿಯನ್ನು ದಾಟಲು ಬಡವನಿಗೆ ಉಳಿದ ದಾರಿ, ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ವೈ-ಫೈ ತುಂಡನ್ನು ಪಕ್ಕದ ತೂತಿಗೆ ಸಿಕ್ಕಿಸುವುದು. ಅದು ಪಟ್ಟಿಗೆ ಹೆದರುವುದಿಲ್ಲ.

ತಂತ್ರಾಂಶದ ಕೊಳಗ ಇದಕ್ಕಿಂತ ದೊಡ್ಡದು. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ಎಕ್ಸ್‌ಪಿಯ ಕೈಬಿಟ್ಟದ್ದು ೨೦೧೪ರ ಏಪ್ರಿಲಿನಲ್ಲಿ, ವಿಂಡೋಸ್ ೭ರ ಕೈಬಿಟ್ಟದ್ದು ೨೦೨೦ರ ಜನವರಿಯಲ್ಲಿ, ವಿಂಡೋಸ್ ೧೦ರ ಸಾಧಾರಣ ಬೆಂಬಲ ಮುಗಿದದ್ದು ೨೦೨೫ರ ಅಕ್ಟೋಬರ್ ೧೪ಕ್ಕೆ. ವಿಂಡೋಸ್ ೧೧ಕ್ಕೆ ಹೋಗೋಣವೆಂದರೆ ಅದಕ್ಕೆ ಇಂಟೆಲಿನ ಎಂಟನೆಯ ಪೀಳಿಗೆಯ ಅಥವಾ ಅದರ ಮುಂದಿನ ಪ್ರೊಸೆಸರೇ ಬೇಕೆಂಬ ಷರತ್ತು, ವಿನಾಯಿತಿ ಬೆರಳೆಣಿಕೆಯಷ್ಟು. ಆ ಪೀಳಿಗೆ ಬಂದದ್ದೇ ೨೦೧೭ರಲ್ಲಿ. ೨೦೧೬ರಲ್ಲಿ ಸಾಲ ಮಾಡಿ ಕೊಂಡ ಯಂತ್ರ, ಇಂದಿಗೂ ಓದುಬರಹಕ್ಕೆ ಗಟ್ಟಿಯಾಗಿರುವ ಯಂತ್ರ, ಕಾಗದದ ಮೇಲೆ ಮುದಿಯಾಯಿತು. ಚಾಲಕ ತಂತ್ರಾಂಶ ಬರೆಯುವುದು ನಿಂತಿತು, ಹೊಸ ರೌಟರಿನೊಡನೆ ಮಾತು ನಿಂತಿತು.

ಇದಕ್ಕೆ ಪ್ರತಿಯಾಗಿ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವಿದೆ; ಯಾವ ಒಂದು ಕಂಪನಿಯೂ ಅದರ ಒಡೆಯನಲ್ಲ. ಅಥೆರಾಸ್‌ನ ಅನೇಕ ಹಳೆಯ ಕಾರ್ಡುಗಳು ಅದರಲ್ಲಿ ಏನನ್ನೂ ಕೇಳದೆ ಎದ್ದು ನಿಲ್ಲುತ್ತವೆ. ಬ್ರಾಡ್‌ಕಾಮ್ ಕಾರ್ಡಾದರೆ ತಕರಾರು ಮಾಡುತ್ತದೆ, ಅದರ ಒಳತಂತ್ರಾಂಶವನ್ನು ಬೇರೆಯಾಗಿ ತಂದು ಹಾಕಬೇಕು. ಕಂಪನಿ ತನ್ನ ಕಾರ್ಡಿನ ಗುಟ್ಟನ್ನು ಬಿಟ್ಟುಕೊಟ್ಟಿದೆಯೇ ಇಲ್ಲವೇ ಎಂಬುದರ ಮೇಲೆ ನಮ್ಮ ಯಂತ್ರದ ಆಯುಸ್ಸು ನಿಂತಿದೆ ಎಂಬುದನ್ನು ಈ ಎರಡು ಕಾರ್ಡುಗಳೇ ಹೇಳುತ್ತವೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲಿಯೇ ಮಕ್ಕಳಿಗೆ ಕಲಿಸುತ್ತಿವೆ. ಗಡಿ ದಾಟಿದರೆ ಆ ಬುದ್ಧಿ ಆರಿಹೋಗುವುದೇಕೋ ತಿಳಿಯದು.

ವೈ-ಫೈ ಓಡಾಡುವ ಆ ತರಂಗಪಟ್ಟಿಯ ವಿಷಯದಲ್ಲಿ ಕೇಂದ್ರ ಸರ್ಕಾರ ಒಮ್ಮೆ ಸರಿಯಾಗಿ ನಡೆದುಕೊಂಡಿತೆಂಬುದನ್ನು ಒಪ್ಪತಕ್ಕದ್ದೆ. ೨೦೦೫ರಲ್ಲಿ ೨.೪ ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಅದು ಆಕಾಶದ ಗೋಮಾಳ. ಯಾರ ದನವಾದರೂ ಮೇಯಬಹುದು. ಗೋಮಾಳವೇನೋ ಉಳಿಯಿತು, ಆದರೆ ಅದರ ದಾರಿಗೆ ಕಂಪನಿಗಳು ಗೇಟು ಹಾಕಿವೆ. ೨೦೨೨ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ವೈ-ಫೈ ಹಿಡಿಯದವನಿಗೆ ಜಾಲತಾಣದಲ್ಲಿ ಹಕ್ಕು! ಕಂಪನಿಯ ಸಹಾಯವಾಣಿಯ ವಿಳಾಸ ಕೊಡುವುದು ಬೇರೆ, ಬೀಗ ಹಾಕಕೂಡದೆಂದು ಕಾನೂನಿನಿಂದ ಕಟ್ಟಿಹಾಕುವುದು ಬೇರೆ.

ಭಾಷೆಯ ಮಾತನ್ನು ಬಿಡುವಂತಿಲ್ಲ. ಮೇಲೆ ಹೇಳಿದ ಚಾನೆಲ್ಲು, ಬೀಗ, ಪಟ್ಟಿ ಎಲ್ಲವನ್ನೂ ಬದಲಿಸುವ ರೌಟರಿನ ಪುಟ ಬಹುತೇಕ ಇಂಗ್ಲಿಷಿನದು, ಯಂತ್ರ ತೋರಿಸುವ ದೋಷದ ವಾಕ್ಯಗಳೂ ಹಾಗೆಯೇ. ಲೋಹಿಯಾ ಇಂಗ್ಲಿಷನ್ನು ವಿರೋಧಿಸಿದಾಗ ಅದು ಹಳ್ಳಿಗನ ಹಟವೆಂದು ನಕ್ಕವರಿದ್ದರು. ಜನಸಾಮಾನ್ಯರನ್ನು ಅಧಿಕಾರದಿಂದ ದೂರವಿಡುವ ಗೋಡೆ ಅದು ಎಂಬ ಅವರ ವಾದಕ್ಕೆ ರೌಟರಿನ ಪುಟಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಮನೆಮನೆಯಲ್ಲಿ ಇಡಬಹುದಾದ, ಬಳಸುವವನೇ ಅಂಕೆಯಲ್ಲಿಡಬಹುದಾದ ಸಣ್ಣ ಯಂತ್ರ ಬೇಕೆಂದು ೧೯೫೨ರ ಪಚ್‌ಮಢಿ ಸಮ್ಮೇಳನದಲ್ಲಿ ವಾದಿಸಿದವರೂ ಅವರೇ. ಸಣ್ಣ ಯಂತ್ರವೇನೋ ಮನೆಗೆ ಬಂತು. ಅಂಕೆ ಬರಲಿಲ್ಲ.

ನಮ್ಮ ಸರ್ಕಾರ ಪದವಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪು ಹಂಚಿದಾಗ ಫೋಟೋ ತೆಗೆಸಿಕೊಳ್ಳಲು ಸಚಿವರ ಕೊರತೆಯಿರಲಿಲ್ಲ. ಆ ಟೆಂಡರಿನಲ್ಲಿ, ಕಾರ್ಡಿಗೆ ಬೀಗ ಕೂಡದು, ಹತ್ತು ವರ್ಷ ಚಾಲಕ ತಂತ್ರಾಂಶ ಕೊಡತಕ್ಕದ್ದು, ಬಿಡಿಭಾಗ ಜಿಲ್ಲಾ ಕೇಂದ್ರದಲ್ಲಿ ಸಿಗತಕ್ಕದ್ದು ಎಂಬ ಮೂರು ಷರತ್ತು ಸೇರಿಸುವುದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಮುಂದಿನ ಟೆಂಡರಿನಲ್ಲಿ ಇವಿರಬೇಕೆಂದು ಶಾಸಕರನ್ನು ಕೇಳಬೇಕು. ಅರಿವು ಕೇಂದ್ರವೆಂದು ಹೆಸರು ಬದಲಿಸಿಕೊಂಡಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಒಂದು ತಿರುಪುಳಿ ಪೆಟ್ಟಿಗೆ, ಪರೀಕ್ಷಿಸಿ ನೋಡಲು ಒಂದು ಯುಎಸ್‌ಬಿ ವೈ-ಫೈ ತುಂಡು, ಸಾಮಾನ್ಯ ಕಾರ್ಡುಗಳ ಚಾಲಕ ತಂತ್ರಾಂಶ ತುಂಬಿದ ಒಂದು ಪೆನ್ ಡ್ರೈವ್, ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಸೂಚನಾಪತ್ರ, ಇಷ್ಟನ್ನು ಇಡಬೇಕೆಂದು ಪಂಚಾಯಿತಿಯನ್ನು ಕೇಳಬೇಕು. ವೈ-ಫೈಯ ಚಾಲಕವನ್ನು ಇಳಿಸಿಕೊಳ್ಳಲು ವೈ-ಫೈಯೇ ಬೇಕೆಂಬ ಮದುವೆಯಾಗದೆ ಹುಚ್ಚು ಬಿಡದ ಸ್ಥಿತಿಗೆ ಆ ಪೆನ್ ಡ್ರೈವೇ ಮದ್ದು.

ಅದು ಬರುವ ತನಕ ಫೋನನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಹಚ್ಚಿದರೆ ಕಾರ್ಡಿನ ಹಂಗಿಲ್ಲದೆ ಜಾಲ ಸಿಗುತ್ತದೆ. ಮೊದಲು ಅರ್ಜಿ ಸಲ್ಲಿಸಿ. ಆಮೇಲೆ ಅದೇ ತಂತಿಯಿಂದ ಚಾಲಕವನ್ನು ಇಳಿಸಿಕೊಂಡು, ಡಿವೈಸ್ ಮ್ಯಾನೇಜರಿನಲ್ಲಿ ಕಾಣುವ ಕಾರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಚೀಟಿ ಹಿಡಿದು ಬಂದ ಗಿರಾಕಿಗೆ "ಹೊಸದು ತಗೊಳ್ಳಿ" ಎಂದು ಹೇಳುವುದು ಸ್ವಲ್ಪ ಕಷ್ಟ.