ತಾಯಿಯ ಮೇಲಿನ ಅಪವಾದ

ಮಗುವಿನ ಮೈ ತುಸು ಬೆಚ್ಚಗಾದರೂ ನಮ್ಮ ಮನೆಗಳಲ್ಲಿ ಮೊದಲು ವಿಚಾರಣೆಗೆ ಗುರಿಯಾಗುವವಳು ತಾಯಿ. ‘ಏನು ತಿನ್ನಿಸಿದೆ? ಗಾಳಿಗೇಕೆ ಕರೆದೊಯ್ದೆ?’ ಎಂಬ ಪ್ರಶ್ನೆಗಳು ಹಿರಿಯರ ಬಾಯಿಂದ ತಾವಾಗಿಯೇ ಹೊರಡುತ್ತವೆ. ಇದು ಅರಿಯದವರ ಅಭ್ಯಾಸವೆಂದು ನಕ್ಕುಬಿಡುವಂತಿಲ್ಲ. ಪಾಶ್ಚಾತ್ಯ ದೇಶಗಳ ಪಂಡಿತರೂ ಒಂದು ಕಾಲಕ್ಕೆ ಇದೇ ನ್ಯಾಯಪೀಠದಲ್ಲಿ ಕುಳಿತಿದ್ದರು. ಅವರ ತೀರ್ಪನ್ನು ಪರೀಕ್ಷಿಸಿ ಅಳಿಸಿದವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ಮಕ್ಕಳ ಮನೋವೈದ್ಯ ಸರ್ ಮೈಕೇಲ್ ರಟರ್.

ಆಟಿಸಂ ಎಂಬ ಸ್ಥಿತಿಯನ್ನು ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವೃತ್ತಾಂತದೊಡನೆ ವರ್ಣಿಸಿದರು. ಜನರೊಡನೆ ಬೆರೆಯದೆ ತಮ್ಮಷ್ಟಕ್ಕೆ ತಾವಿರುವ, ಹಿಡಿದ ಕ್ರಮ ಕಿಂಚಿತ್ತು ತಪ್ಪಿದರೂ ಸಹಿಸದ ಮಕ್ಕಳು ಅವರು. ಈ ಸ್ವಭಾವ ಹುಟ್ಟಿನೊಡನೆಯೇ ಬಂದದ್ದೆಂದು ಕ್ಯಾನರ್ ಮೊದಲು ಬರೆದರು. ಮುಂದೆ ತಂದೆತಾಯಿಗಳ ನಿರ್ಲಿಪ್ತತೆಯತ್ತ ಬೆರಳು ತೋರಿದರು. ‘ರೆಫ್ರಿಜರೇಟರ್ ತಾಯಿ’ ಎಂಬ ನಿಷ್ಠುರವಾದ ಮಾತು ಬಳಕೆಗೆ ಬಂದಿತು. 1967ರಲ್ಲಿ ಷಿಕಾಗೋದ ಬ್ರೂನೋ ಬೆಟಲ್‌ಹೈಮ್ ಇದೇ ವಾದವನ್ನು ಗ್ರಂಥವಾಗಿಸಿದಾಗ ಅಪವಾದಕ್ಕೆ ಶಾಸ್ತ್ರದ ಮುದ್ರೆ ಬಿದ್ದಂತಾಯಿತು. ಸೀತೆಯ ಮೇಲಿನ ಅಪವಾದಕ್ಕೆ ಸಾಕ್ಷಿಯಿರಲಿಲ್ಲ, ಇದಕ್ಕೂ ಇರಲಿಲ್ಲ.

ರಟರ್ ಹುಟ್ಟಿದ್ದು 1933ರಲ್ಲಿ, ಲೆಬನಾನ್ ದೇಶದಲ್ಲಿ. ಯುದ್ಧಭೀತಿಯಿಂದಾಗಿ 1940ರಲ್ಲಿ ತಂದೆತಾಯಿಗಳು ಆ ಬಾಲಕನನ್ನು ಅಮೆರಿಕಕ್ಕೆ ಕಳುಹಿಸಿದರು. ಅವನು ಹಿಂದಿರುಗಿದ್ದು 1944ರಲ್ಲಿ. ಮುಂದೆ ಲಂಡನ್ನಿನ ಮಾಡ್ಸ್ಲೀ ಆಸ್ಪತ್ರೆಯಲ್ಲಿ ನೆಲೆಸಿದ ಅವರು, ಮಕ್ಕಳ ಮನಸ್ಸಿನ ವಿಷಯದಲ್ಲಿ ಊಹೆಯನ್ನು ಬಿಟ್ಟು ಎಣಿಕೆಯನ್ನು ಹಿಡಿದರು.

ಅವರೂ ಸೂಸನ್ ಫೋಲ್‌ಸ್ಟೈನ್ ಅವರೂ 1977ರಲ್ಲಿ ಪ್ರಕಟಿಸಿದ ಅಧ್ಯಯನದ ಯುಕ್ತಿ ಬಹು ಸರಳವಾದದ್ದು. ಆಟಿಸಂ ಇರುವ ಮಗುವನ್ನೊಳಗೊಂಡ 21 ಅವಳಿ ಜೋಡಿಗಳನ್ನು ಅವರು ಹುಡುಕಿದರು. ಇವುಗಳಲ್ಲಿ 11 ಜೋಡಿಗಳು ಒಂದೇ ಅಂಡದಿಂದ ಹುಟ್ಟಿದ ತದ್ರೂಪಿಗಳು. ಉಳಿದ 10 ಜೋಡಿಗಳು ಒಡಹುಟ್ಟಿದವರಷ್ಟೇ ಹೋಲಿಕೆಯುಳ್ಳವರು. ಯಾವ ಜೋಡಿಯನ್ನು ನೋಡಿದರೂ ಇಬ್ಬರಿಗೂ ತಾಯಿ ಒಬ್ಬಳೇ, ಮನೆಯೂ ಒಂದೇ. ದೋಷ ತಾಯಿಯ ಮಡಿಲಿನಲ್ಲಿದ್ದಿದ್ದರೆ ಎರಡು ಬಗೆಯ ಜೋಡಿಗಳಲ್ಲೂ ಫಲ ಒಂದೇ ತೆರನಾಗಿರಬೇಕಿತ್ತಲ್ಲವೇ? ಆದರೆ ತದ್ರೂಪಿಗಳ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಇನ್ನೊಂದು ಬಗೆಯ 10 ಜೋಡಿಗಳಲ್ಲಿ ಒಂದರಲ್ಲಿಯೂ ಇಬ್ಬರಿಗೆ ಇರಲಿಲ್ಲ. ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆ ಎಂಬುದಕ್ಕೆ ಇದು ಮೊದಲ ಗಟ್ಟಿಯಾದ ಆಧಾರ. ಜೋಡಿಗಳ ಸಂಖ್ಯೆ ಅಲ್ಪವೇ ಸರಿ. ಆದರೆ ಆ ಬಳಿಕ ನಡೆದ ಹಿರಿಯ ಅಧ್ಯಯನಗಳು ಇದೇ ಮಾತನ್ನು ದೃಢಪಡಿಸಿವೆ.

ಹಾಗಾದರೆ ಪಾಲನೆಗೆ ಬೆಲೆಯೇ ಇಲ್ಲವೇ? ಈ ಪ್ರಶ್ನೆಗೂ ರಟರ್ ಅವರೇ ಉತ್ತರ ಹುಡುಕಿದರು. 1989ರ ಡಿಸೆಂಬರಿನಲ್ಲಿ ರುಮೇನಿಯಾದ ಚೌಷೆಸ್ಕು ಆಡಳಿತ ಕುಸಿದಾಗ, ಅಲ್ಲಿನ ಅನಾಥಾಲಯಗಳ ದುಃಸ್ಥಿತಿ ಲೋಕಕ್ಕೆ ತಿಳಿಯಿತು. ಎತ್ತಿಕೊಳ್ಳುವವರಿಲ್ಲದೆ, ಮಾತನಾಡಿಸುವವರಿಲ್ಲದೆ ತೊಟ್ಟಿಲುಗಳಲ್ಲಿ ಬೆಳೆದ ಕೂಸುಗಳವು. ಬ್ರಿಟನ್ನಿನ ಕುಟುಂಬಗಳು ರುಮೇನಿಯಾದಿಂದ ದತ್ತು ಪಡೆದ 165 ಮಕ್ಕಳನ್ನು ರಟರ್ ಮತ್ತು ಅವರ ಸಂಗಡಿಗರು ಅವರು ಪ್ರಾಯಕ್ಕೆ ಬರುವವರೆಗೆ ಅನುಸರಿಸಿ ನೋಡಿದರು. ಆರು ತಿಂಗಳು ತುಂಬುವ ಮುನ್ನ ಹೊಸ ಮಡಿಲು ಸೇರಿದವರು ಬಹುಪಾಲು ಚೇತರಿಸಿಕೊಂಡರು. ಅದಕ್ಕೂ ಹೆಚ್ಚು ಕಾಲ ಆ ಆಲಯಗಳಲ್ಲಿ ಕಳೆದವರಲ್ಲಿ ಅನೇಕರಿಗೆ ತೊಂದರೆಗಳು ಉಳಿದವು. ಕೆಲವರಲ್ಲಿ ಆಟಿಸಂ ಹೋಲುವ ಲಕ್ಷಣಗಳೂ ಕಂಡವು. ಗಮನಿಸಬೇಕಾದ ಸಂಗತಿ ಇಷ್ಟೇ: ಇಷ್ಟು ಘೋರವಾದ ಗಾಯಕ್ಕೆ ಕಾರಣವಾದದ್ದು ತಾಯಿ ಅಡಿಗೆಮನೆಯಲ್ಲಿ ಮಗ್ನಳಾದದ್ದಲ್ಲ, ಕಚೇರಿಗೆ ಹೋದದ್ದಲ್ಲ, ಯಾರೂ ಇಲ್ಲದೇ ಹೋದದ್ದು. ತಂದೆ, ಅಜ್ಜಿ, ಹತ್ತಿರದ ಬಂಧುಗಳು ಇವರೊಡನೆಯೂ ಮಗು ಅಷ್ಟೇ ಗಾಢವಾಗಿ ಬೆಸೆದುಕೊಳ್ಳಬಲ್ಲದೆಂದು ರಟರ್ 1972ರಷ್ಟು ಹಿಂದೆಯೇ ಬರೆದಿದ್ದರು. ಅವರು 2021ರಲ್ಲಿ ತೀರಿಕೊಂಡರು.

ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡದಿದ್ದರೆ, ಬೇಕಾದುದನ್ನು ಬೆರಳಿಟ್ಟು ತೋರದಿದ್ದರೆ, ಮಾತು ಬಹಳ ತಡವಾದರೆ ವೈದ್ಯರಲ್ಲಿಗೆ ಹೋಗುವುದು ಲೇಸು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವೇ ಉಂಟು. ಬೇಗ ದೊರೆತ ತರಬೇತಿ ಮಗುವಿಗೆ ನೆರವಾಗುತ್ತದೆ. ಆದರೆ ಹೊರಡುವ ಮುನ್ನ ಮನೆಯ ಹಿರಿಯರು ಒಂದು ಉಪಕಾರ ಮಾಡಬೇಕು. ‘ನೀನೇ ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂಬ ಮಾತನ್ನು ನಾಲಗೆಯ ಹಿಂದೆಯೇ ನಿಲ್ಲಿಸಬೇಕು. ಆ ತಾಯಿಯ ಮುಂದಿರುವ ಕೆಲಸ ದೊಡ್ಡದು. ಅದಕ್ಕೆ ಬೇಕಾದ ಶಕ್ತಿಯನ್ನು ಅವಳು ಕಣ್ಣೀರಿನಲ್ಲಿ ಕಳೆಯಬಾರದು.